ಟಾರ್ಪಾಲಿನ ಮೋಡ

ಸೂರ್ಯ ಇನ್ನೂ ಮೂಡಿಲ್ಲ. ಶೆಡ್ಡಿನ ಮುಂದಿನ ಅಂಗಳದಲ್ಲಿ ಬಿಳಿಯ ವ್ಯಾನೊಂದು ನಿಂತಿದೆ. ಅದರ ನೆತ್ತಿಯ ಸೋಲಾರ್ ಪ್ಯಾನೆಲ್‌ಗಳಿಗೆ ನೀಲಿ ಟಾರ್ಪಾಲು ಹೊದಿಸಿ, ನಾಲ್ಕು ಮೂಲೆಗೂ ಹಗ್ಗ ಬಿಗಿದಿದೆ. ಒಳಗೆ ಇಬ್ಬರು ಮಲಗಿದ್ದಾರೆ. ಚಪ್ಪಲಿ ಕಳಚಿಟ್ಟು ಬರಿಗಾಲಲ್ಲಿ ಬಂದ ಐವತ್ತನಾಲ್ಕರ ಹೆಂಗಸು ವ್ಯಾನಿನ ಹಿಂಬದಿಯ ಪುಟ್ಟ ಬಾಗಿಲು ತೆರೆದು, ಬ್ಯಾಟರಿಯ ಮೀಟರಿಗೆ ಟಾರ್ಚು ಹಿಡಿಯುತ್ತಾರೆ. ಕನ್ನಡಕ ಏರಿಸಿ ಇನ್ನೊಮ್ಮೆ ನೋಡುತ್ತಾರೆ.

"ಇಪ್ಪತ್ತೊಂದು," ಎನ್ನುತ್ತಾರೆ ಪಿಸುದನಿಯಲ್ಲಿ, ಅವರ ಕೆಲಸದ ಬಗ್ಗೆ ಬರೆಯಲು ಬಂದ ನನಗೆ. "ನೂರಕ್ಕೆ ಮೂವತ್ತಮೂರು ಉಳಿದಿರಬೇಕಿತ್ತು. ಬ್ಯಾಟರಿ ನಿಜ ಹೇಳೋದು ಈ ಹೊತ್ತಲ್ಲೇ. ಬಿಸಿಲು ಬಂತು ಅಂದ್ರೆ ಅದೂ ಉಂಡವರ ಥರ ಮಾತಾಡುತ್ತೆ."

ಸುತ್ತಲಿನ ಬೀದಿಗಳಲ್ಲಿ ಇವರು ಎಲ್ಲರಿಗೂ ಬ್ಯಾಟರಿ ಅಕ್ಕ. ವ್ಯಾನಿನೊಳಗೆ ಹಾಸಿಗೆ, ಒಲೆ ಜೋಡಿಸಿಕೊಂಡು ಕರೆಂಟು ಕಂಬವಿಲ್ಲದ ಕಡೆ ನಾಲ್ಕು ದಿನ ಇದ್ದು ಬರುವವರು ಈಗ ಹೆಚ್ಚಿದ್ದಾರೆ. ಅವರ ದೀಪ, ಫ್ಯಾನು, ಫ್ರಿಜ್ಜಿಗೆ ಎಷ್ಟು ಬಿಸಿಲು ಹಿಡಿಯಬೇಕು, ಎಷ್ಟು ಕೂಡಿಡಬೇಕು ಎಂದು ಲೆಕ್ಕ ಹಾಕಿ ಜೋಡಿಸಿಕೊಡುವುದು ಅಕ್ಕನ ಕೆಲಸ. ಒಂಬತ್ತು ವರ್ಷಗಳಲ್ಲಿ ಅರವತ್ತನಾಲ್ಕು ವಾಹನಗಳು ಈ ಅಂಗಳದಿಂದ ಹೊರಟಿವೆ.

ಇವತ್ತಿನ ವ್ಯಾನು ನಿವೃತ್ತ ಮೇಷ್ಟ್ರೊಬ್ಬರದು. ಅವರ ಹೆಂಡತಿಗೆ ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ. ಮೂಗಿಗೆ ಗಾಳಿ ಊದುವ ಪುಟ್ಟ ಯಂತ್ರವಿಲ್ಲದೆ ಮಲಗುವಂತಿಲ್ಲ. ಆರು ವರ್ಷದಿಂದ ಗೋಡೆಯ ಪ್ಲಗ್ಗಿನ ಪಕ್ಕ ಬಿಟ್ಟು ಬೇರೆಲ್ಲೂ ಅವರು ಕಣ್ಣು ಮುಚ್ಚಿಲ್ಲ. ಬೆಟ್ಟಗಳಾಚೆಯ ಸರೋವರದ ದಡದಲ್ಲಿ ನಾಲ್ಕು ದಿನ ಇದ್ದು ಬರಬೇಕೆಂಬುದು ಅವರ ಆಸೆ. ಯಂತ್ರ ಒಂದು ರಾತ್ರಿಯೂ ನಿಲ್ಲದಿದ್ದರೆ ಮಾತ್ರ ಹೋಗಿ ಎಂದಿದ್ದಾರೆ ಡಾಕ್ಟರು. ನಿಲ್ಲುವುದಿಲ್ಲ ಎಂದು ಮಾತು ಕೊಡಬೇಕಾದವರು ಅಕ್ಕ.

ಆ ಯಂತ್ರದ ಮೆಲುಸದ್ದು ಹೊರಗೂ ಕೇಳಿಸುತ್ತಿದೆ. ಪಕ್ಕದಲ್ಲಿ ಮಲಗಿದವರ ಉಸಿರಿಗೆ ವರ್ಷಗಟ್ಟಲೆ ಕಿವಿಗೊಟ್ಟು, ಈಗ ಕೇಳಲು ಏನೂ ಉಳಿಯದ ಮನೆಯಿಂದ ಬಂದ ನನ್ನಂಥವನಿಗೆ ಅದು ಯಾರೋ ಜಪ ಮಾಡುತ್ತಿರುವಂತಿದೆ.

ಅಕ್ಕ ಯಾರಿಗೂ ಮೊದಲೇ ಬ್ಯಾಟರಿ ಕೊಡುವುದಿಲ್ಲ, ಒಂದು ನೋಟ್‌ಬುಕ್ ಕೊಡುತ್ತಾರೆ. ಯಾವ ಸ್ವಿಚ್ಚು ಎಷ್ಟು ಹೊತ್ತು ಎಂದು ವಾರವಿಡೀ ಬರೆದು ತರಬೇಕು. "ಹಸಿವೆಷ್ಟು ಅಂತ ಗೊತ್ತಿಲ್ಲದೆ ಎಸರು ಇಡ್ತಾರಾ?" ಎಂಬುದು ಅವರ ಪ್ರಶ್ನೆ. ಮೇಷ್ಟ್ರ ಮನೆಯ ಹಸಿವು ದಿನಕ್ಕೆ ಒಂದು ಯೂನಿಟ್. ಉಸಿರಿನ ಯಂತ್ರಕ್ಕೆ ಅದರ ಮೂರರಲ್ಲಿ ಒಂದು ಪಾಲು, ಫ್ರಿಜ್ಜಿಗೆ ಹತ್ತಿರ ಹತ್ತಿರ ಅರ್ಧ, ಮಿಕ್ಕಿದ್ದು ಫ್ಯಾನು, ದೀಪಕ್ಕೆ. ಅದಕ್ಕೆ ತಕ್ಕಂತೆ ಮೂರು ಯೂನಿಟ್ ಹಿಡಿಯುವ ಬ್ಯಾಟರಿ ಕೂರಿಸಿದ್ದಾರೆ. ಕೊನೆಯದು ಟಾರ್ಪಾಲಿನ ಪರೀಕ್ಷೆ. ಎರಡು ಹಗಲು ಪ್ಯಾನೆಲ್ ಮುಚ್ಚಿಟ್ಟು, ಮಾಲೀಕರನ್ನು ಇದೇ ಅಂಗಳದಲ್ಲಿ ವಾಸಕ್ಕೆ ಬಿಡುತ್ತಾರೆ. "ಮೋಡ ನಮ್ಮನ್ನ ಕೇಳಿ ಬರುತ್ತಾ? ಅದಕ್ಕೇ ಇಲ್ಲೇ ಒಂದು ಮೋಡ ಮಾಡಿ ನೋಡೋದು."

ಅಕ್ಕನ ಗಂಡ ಬಸ್ ಡಿಪೋದಲ್ಲಿ ಡ್ರೈವರ್ ಆಗಿದ್ದರು. ಅವರು ತೀರಿಕೊಂಡಾಗ ಹೆಂಡತಿಗೆ ಸಿಕ್ಕಿದ್ದು ಅದೇ ಡಿಪೋದ ಬ್ಯಾಟರಿ ಕೋಣೆಯ ಕೆಲಸ. ಇಪ್ಪತ್ತೆರಡು ವರ್ಷ ಆಸಿಡ್ಡಿನ ಘಾಟಿನಲ್ಲಿ ಬ್ಯಾಟರಿಗಳಿಗೆ ನೀರು ಹಾಕಿದರು. ತೂತು ಬೀಳದ ಸೀರೆ ಒಂದೂ ಉಳಿಯಲಿಲ್ಲ. ನೀರೇ ಬೇಡದ ಬ್ಯಾಟರಿಗಳು ಬಂದವು, ಕೋಣೆಗೆ ಬೀಗ ಬಿತ್ತು. ಆಗ ಈ ಶೆಡ್ಡು ತೆರೆದರು. ಈಗಲೂ ಹೊಸಬರು ಬಂದು "ಮೇಸ್ತ್ರಿ ಇಲ್ವಾ?" ಎಂದು ಕೇಳುವುದುಂಟು. "ಇದ್ದಾರೆ, ಕರೀತೀನಿ ಅಂತ ಒಳಗೆ ಹೋಗಿ, ಕೈ ತೊಳ್ಕೊಂಡು ನಾನೇ ಬರ್ತೀನಿ. ಅವರ ಮುಖ ನೋಡ್ಬೇಕು ನೀವು."

ನಗುವ ಅಕ್ಕನಿಗೆ ಮರೆಯಲಾಗದ ತಪ್ಪೂ ಒಂದಿದೆ. ಅವರ ಎರಡನೆಯ ವ್ಯಾನಿನ ಲೆಕ್ಕವೆಲ್ಲ ಈ ಬಯಲು ಅಂಗಳದ ಬಿಸಿಲಿನದು. ಕೊಂಡವರು ಸೆಖೆಯೆಂದು ಅದನ್ನು ದೊಡ್ಡ ಮರದ ಕೆಳಗೆ ನಿಲ್ಲಿಸಿದರು. ಫ್ರಿಜ್ಜು ನಿಂತು, ಅದರಲ್ಲಿದ್ದ ಇನ್ಸುಲಿನ್ ಕೆಟ್ಟು, ಅರ್ಧದಲ್ಲೇ ಓಡಿ ಬಂದರು. "ಪ್ಯಾನೆಲ್‌ಗೆ ಬಿಸಿಲು ಬೇಕು, ಮನುಷ್ಯರಿಗೆ ನೆರಳು ಬೇಕು. ಇಷ್ಟು ಸಣ್ಣ ವಿಷಯ ನನ್ನ ಬುದ್ಧಿಗೆ ಹೊಳೀಲಿಲ್ಲ ನೋಡಿ." ಆ ಖಾಲಿ ಔಷಧದ ಸೀಸೆ ಇಂದಿಗೂ ದೇವರ ಗೂಡಿನ ಪಕ್ಕದಲ್ಲಿದೆ. ಅಂದಿನಿಂದ ಪ್ರತಿ ವಾಹನಕ್ಕೂ ಉದ್ದ ವೈರಿನ ಬಿಡಿ ಪ್ಯಾನೆಲ್ ಒಂದು ಕಡ್ಡಾಯ. ವ್ಯಾನು ನೆರಳಲ್ಲಿರಲಿ, ಅದು ಹೋಗಿ ಬಿಸಿಲಲ್ಲಿ ಕೂರಲಿ.

ಬೆಳಕು ಹರಿದಿದೆ. ಮೇಷ್ಟ್ರು ಇಳಿದು ಬರುತ್ತಾರೆ. ಹೆಂಡತಿ ಬಾಗಿಲಲ್ಲೇ ಕೂರುತ್ತಾರೆ. ಅಕ್ಕ ಅವರ ನೋಟ್‌ಬುಕ್ಕಿನ ಮೇಲೆ ಬೆರಳಾಡಿಸಿ ಕೇಳುತ್ತಾರೆ:

"ಮೇಷ್ಟ್ರೇ, ನೂರರಲ್ಲಿ ಹನ್ನೆರಡು ಪಾಲು ಕಾಣೆಯಾಗಿದೆ. ಯಾರು ನೀರು ಕಾಯಿಸಿದ್ದು?"

ಮೇಷ್ಟ್ರು ಮುಗಿಲು ನೋಡುತ್ತಾರೆ.

"ಕೆಟಲ್ ಎಲ್ಲಿ ಬಚ್ಚಿಟ್ಟಿದೀರಿ?"

"ಬೂಟಿನ ಡಬ್ಬದಲ್ಲಿ," ಎಂಬ ಉತ್ತರ ನಿಧಾನಕ್ಕೆ ಬರುತ್ತದೆ. "ಮೂರೇ ಸಲ ಕಣಮ್ಮ. ಆ ಗಾಳಿಗೆ ಇವಳ ಗಂಟಲು ಒಣಗಿಬಿಡುತ್ತೆ. ಎದ್ದ ತಕ್ಷಣ ಬಿಸಿನೀರು ಬೇಕು. ಬರೆದ್ರೆ ನೀನು ಹೋಗಬೇಡಿ ಅಂದುಬಿಡ್ತೀಯೇನೋ ಅಂತ..."

"ನಲವತ್ತು ವರ್ಷ ಮಕ್ಕಳ ಕಾಪಿ ಚೀಟಿ ಹಿಡಿದವರು ಇವರು," ಎನ್ನುತ್ತಾರೆ ಹೆಂಡತಿ. "ಈಗ ಸಿಕ್ಕಿಬಿದ್ದಿದ್ದಾರೆ. ಬೆಂಚಿನ ಮೇಲೆ ನಿಲ್ಲಿಸಮ್ಮ."

ಅಕ್ಕ ನಗುವುದಿಲ್ಲ. "ಒಂದು ಸಲ ಕೆಟಲ್ ಇಟ್ರೆ ಫ್ಯಾನು ಆರು ಗಂಟೆ ತಿರುಗೋ ಕರೆಂಟು ಹೋಗುತ್ತೆ, ಮೇಷ್ಟ್ರೇ. ಇಲ್ಲಿ ಬರೀದೇ ಇದ್ದಿದ್ದನ್ನ ಅಲ್ಲಿ ಅಮ್ಮ ಉಸಿರಲ್ಲಿ ಕಟ್ಟಬೇಕಾಗುತ್ತೆ." ಮೇಷ್ಟ್ರು ತಲೆ ತಗ್ಗಿಸುತ್ತಾರೆ. ಅಕ್ಕನ ದನಿ ಇಳಿಯುತ್ತದೆ. "ಬಿಸಿನೀರು ಬೇಡ ಅಂದ್ನಾ ನಾನು? ಕೇಳಬೇಕಿತ್ತಪ್ಪ."

ಒಳಗೆ ಹೋಗಿ ಹಳೆಯ ಫ್ಲಾಸ್ಕೊಂದನ್ನು ತರುತ್ತಾರೆ. ಡಿಪೋಗೆ ದಿನವೂ ಒಯ್ಯುತ್ತಿದ್ದದ್ದು, ಮೈಯೆಲ್ಲ ತಗ್ಗು ಬಿದ್ದಿದೆ. "ಮಲಗೋ ಮುಂಚೆ ಗ್ಯಾಸ್ ಒಲೇಲಿ ಕಾಯಿಸಿ ತುಂಬಿಡಿ. ಬೆಳಗಾದ್ರೂ ಸುಡುತ್ತೆ. ಕೆಟಲ್ ನನ್ನ ಹತ್ರ ಇರಲಿ. ಇವತ್ತು ನಾಳೆ ಬಿಸಿಲು ತುಂಬಿಕೊಳ್ಳಲಿ. ಆಮೇಲೆ ಇನ್ನೊಂದು ಸಲ ಎರಡು ದಿನ ಮೋಡ."

ಏಣಿ ಹತ್ತಿ ಟಾರ್ಪಾಲು ಬಿಚ್ಚುತ್ತಾರೆ. ಪ್ರತಿ ಮೆಟ್ಟಿಲಿಗೂ ಮಂಡಿ ಹಿಡಿದುಕೊಳ್ಳುತ್ತಾರೆ. ನಿಮಗೇನು ಆಸೆ ಎಂದು ಕೆಳಗಿನಿಂದಲೇ ಕೇಳುತ್ತೇನೆ.

"ಅಲ್ಲಿಗೆ ಹೋದವರಿಗೆ ನನ್ನ ನೆನಪು ಬರಬಾರದು, ಅಷ್ಟೇ. ನೆನಪು ಬಂತು ಅಂದ್ರೆ ಏನೋ ಕೆಟ್ಟಿದೆ ಅಂತ."

ಎರಡನೆಯ ಪರೀಕ್ಷೆಯಲ್ಲಿ ಮೀಟರು ತೋರಿಸಿದ್ದು ಮೂವತ್ತನಾಲ್ಕು. ಹನ್ನೆರಡನೆಯ ದಿನ ನಾನು ಮತ್ತೆ ಅಂಗಳಕ್ಕೆ ಬಂದಾಗ ವ್ಯಾನು ಆಗತಾನೆ ಮರಳಿದೆ, ಚಕ್ರದಲ್ಲಿ ಬೇರೆ ಬಣ್ಣದ ಮಣ್ಣಿದೆ. ಸರೋವರದ ದಡದಲ್ಲಿ ಮೂರನೆಯ ದಿನ ಮೋಡ ಕವಿದಿತ್ತಂತೆ. ಮೇಷ್ಟ್ರ ಹೆಂಡತಿ ಇಳಿದು ಬಂದು ಫ್ಲಾಸ್ಕನ್ನು ಅಕ್ಕನ ಕೈಗಿಡುತ್ತಾರೆ. ಬಿಸಿಲಿಗೆ ಅವರ ಮೂಗಿನ ತುದಿ ಕಪ್ಪಾಗಿದೆ.

"ಬೇಜಾರು ಮಾಡ್ಕೋಬೇಡ ಕಣಮ್ಮ," ಎನ್ನುತ್ತಾರೆ. "ಇಷ್ಟೆಲ್ಲ ಮಾಡಿಕೊಟ್ಟೆ. ಆದ್ರೆ ನಾಲ್ಕು ದಿನದಲ್ಲಿ ಒಂದು ಸಲವೂ ನಿನ್ನ ನೆನಪೇ ಆಗಲಿಲ್ಲ."

ಅಕ್ಕ ಫ್ಲಾಸ್ಕನ್ನು ಸೆರಗಿನಿಂದ ಒರೆಸುತ್ತಾರೆ. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸುತ್ತಾರೆ.

"ಒಂದು ಸಲವೂ ಇಲ್ವಾ ಅಮ್ಮಾ?" ಎಂದು ಕೇಳುತ್ತಾರೆ, ಆ ಮಾತು ಒಮ್ಮೆ ಕೇಳಿ ತೃಪ್ತಿಯಾಗದವರಂತೆ.