ಬರ್ತೇನೆ ಅನ್ನಬೇಕು

ನಮ್ಮ ಕಡೆ ಒಬ್ಬರ ಮನೆಯಿಂದ ಹೊರಡುವಾಗ ‘ಹೋಗ್ತೇನೆ’ ಅನ್ನುವ ಹಾಗಿಲ್ಲ. ಇದನ್ನು ನನಗೆ ಕಲಿಸಿದ್ದು ಬಂಟ್ವಾಳದ ನನ್ನ ಅಜ್ಜಿ, ತಲೆಗೊಂದು ಮೊಟಕಿ. ‘ಹೋಗುವವರು ಸುಡುಗಾಡಿಗೆ ಹೋಗುವವರು. ಮನೆಗೆ ಹೋಗುವವರು ಬರ್ತೇನೆ ಅನ್ನಬೇಕು’ ಎಂದಿದ್ದರು. ಅಜ್ಜಿ ಹೇಳಿದ್ದು ತುಳುವಿನಲ್ಲಿ. ನನ್ನ ಕನ್ನಡವೂ ಹೆಚ್ಚಿನದು ಪುಸ್ತಕದಿಂದ ಬಂದದ್ದಲ್ಲ, ಹಿರಿಯರ ಬಾಯಿಂದ ಉದುರಿದ್ದನ್ನು ಹೆಕ್ಕಿಕೊಂಡದ್ದು. ಜೊತೆಗೆ ಮೊಟಕುಗಳು ಧರ್ಮಕ್ಕೆ ಸಿಕ್ಕಿದವು.

ಹಾಗಾಗಿ ಬೆಳ್ತಂಗಡಿಯಲ್ಲಿ ನಿವೃತ್ತ ಹೆಡ್‌ಮಾಷ್ಟ್ರು ಒಬ್ಬರು ಹೊರರಾಜ್ಯದಿಂದ ದುಡಿಯಲು ಬಂದವರಿಗೆ ಭಾನುವಾರ ಸಂಜೆ ಕನ್ನಡ ಕಲಿಸುತ್ತೇನೆ ಎಂದು ಹೊರಟು, ನನ್ನನ್ನೂ ಕರೆದಾಗ ನನಗೆ ನಗು ಬಂತು. ‘ಮಾಷ್ಟ್ರೇ, ನನಗೆ ವ್ಯಾಕರಣ ಬರುದಿಲ್ಲ.’ ‘ವ್ಯಾಕರಣ ನಾನು ನೋಡಿಕೊಳ್ತೇನೆ. ನೀವು ಒಬ್ಬರ ಹತ್ತಿರ ಕೂತು ಮಾತಾಡಿ, ಸಾಕು’ ಎಂದರು.

ಪಾಠ ಊರಿನ ಶಾಲೆಯಲ್ಲಿ, ಒಂದನೇ ಕ್ಲಾಸಿನ ಮಕ್ಕಳ ಬೆಂಚುಗಳು. ದೊಡ್ಡವರು ಕೂತರೆ ಮೊಣಕಾಲು ಎದೆಗೆ ತಾಗುತ್ತಿತ್ತು. ಮಾಷ್ಟ್ರು ಕಲಿಸುತ್ತಿದ್ದದ್ದು ಅಚ್ಚ ಪುಸ್ತಕದ ಕನ್ನಡ. ಉತ್ತರಪ್ರದೇಶದ ಒಬ್ಬ ಕ್ಷೌರಿಕನಿದ್ದ. ಅವನು ಗಿರಾಕಿಯೊಬ್ಬರ ಕುತ್ತಿಗೆಗೆ ಬಟ್ಟೆ ಕಟ್ಟಿ, ‘ತಮ್ಮ ಕೇಶವನ್ನು ಎಷ್ಟು ಕತ್ತರಿಸಬೇಕು?’ ಎಂದು ಕೇಳಿದನಂತೆ. ಆ ಗಿರಾಕಿ, ‘ಎಂತ ಮಾರಾಯ, ಕಿರೀಟ ಎಲ್ಲಿ ಬಿಟ್ಟು ಬಂದೆ? ಯಕ್ಷಗಾನದ ರಂಗಸ್ಥಳದಲ್ಲಾ?’ ಎಂದು ಕೇಳಿ, ಅಂಗಡಿಯವರೆಲ್ಲ ನಕ್ಕರಂತೆ. ಪಾಪ, ಅವನೂ ಅರ್ಥವಾಗದೆ ನಕ್ಕನಂತೆ.

ಪ್ರತಿ ಭಾನುವಾರ ಕೊನೆಗೆ ಒಂದು ಅಭ್ಯಾಸವಿತ್ತು. ಮಾಷ್ಟ್ರು ಬಾಗಿಲ ಹತ್ತಿರ ನಿಂತು, ‘ಬರ್ತೇನೆ’ ಎನ್ನುವರು. ಇಡೀ ಕ್ಲಾಸು ಒಟ್ಟಿಗೆ, ‘ಆಯ್ತು, ಹೋಗಿ ಬನ್ನಿ!’ ಎನ್ನಬೇಕು. ಆ ಉತ್ತರವೊಂದು ಮಾತ್ರ ಎಲ್ಲರಿಗೂ ಬಾಯಿಪಾಠ, ‘ಬರ್ತೇನೆ’ ಅನ್ನುವ ಸರದಿ ಅವರಲ್ಲಿ ಯಾರಿಗೂ ಬಂದಿರಲಿಲ್ಲ.

ನನ್ನ ಪಾಲಿಗೆ ಬಂದವಳು ಜಾರ್ಖಂಡಿನ ಒಬ್ಬ ಹೆಂಗಸು. ನೆರಿಯ ಊರಿನ ಕಡೆ ಒಬ್ಬ ಧಣಿಯ ರಬ್ಬರ್ ತೋಟದಲ್ಲಿ ಗಂಡ ಮರ ಕೆತ್ತಿ ಹಾಲಿಳಿಸುವ ಟ್ಯಾಪಿಂಗ್ ಮಾಡುತ್ತಿದ್ದ, ಇವಳು ಆ ಹಾಲು ಸಂಗ್ರಹಿಸಿ, ಅದರ ಶೀಟ್‌ಗಳನ್ನು ಹೊಗೆಮನೆಯಲ್ಲಿ ಒಣಗಿಸುತ್ತಿದ್ದಳು. ಅದಕ್ಕೇ ಒತ್ತಿಕೊಂಡ ಒಂದು ಕೋಣೆಯಲ್ಲಿ ವಾಸ. ಮಗಳು ಅಲ್ಲಿಯ ಶಾಲೆಗೆ ಹೋಗುತ್ತಿದ್ದಳು. ಮಳೆಗಾಲದಲ್ಲಿ ಟ್ಯಾಪಿಂಗ್ ನಿಂತಾಗ ಧಣಿ ಕೆಲಸದವರನ್ನು ಕಳಿಸಿಬಿಡುವುದು ವಾಡಿಕೆ. ಇವರು ಹಾಗೆ ನಾಲ್ಕಾರು ತೋಟ ಬದಲಿಸಿದವರು, ಮಗಳು ಅಷ್ಟೇ ಶಾಲೆ ಬದಲಿಸಿದವಳು. ಈ ಸಲ ಧಣಿ ಒಂದು ಮಾತು ಕೊಟ್ಟಿದ್ದರು: ಮಲಗಿದಲ್ಲೇ ಇರುವ ತಮ್ಮ ತಾಯಿಯ ಹತ್ತಿರ ಕನ್ನಡದಲ್ಲಿ ಮಾತಾಡಲು, ಹೇಳಿದ್ದು ತಿಳಿದುಕೊಳ್ಳಲು ಬಂದರೆ ಮಳೆಗಾಲದಲ್ಲೂ ಇರಬಹುದು. ಇಲ್ಲವಾದರೆ ಮೊದಲ ಮಳೆಗೇ ಗಂಟು ಕಟ್ಟಬೇಕು.

ಆದ್ದರಿಂದ ಅವಳು ಕಲಿತದ್ದು ಆ ಕೋಣೆಗಾಗಿ. ‘ಅಕ್ಕ, ಮಗಳು ಈ ಶಾಲೆಯಲ್ಲೇ ಪಾಸ್ ಆಗಬೇಕು’ ಎಂಬುದು ಅವಳು ತಪ್ಪಿಲ್ಲದೆ ಹೇಳಿದ ಮೊದಲ ಉದ್ದದ ವಾಕ್ಯ.

ಧಣಿಯ ತಾಯಿ ಬಾಯಿ ಜೋರಿನ ಹೆಂಗಸು. ಮನೆಯವರೆಲ್ಲ ತುಳು ಮಾತಾಡುವವರು. ಇವಳು ಕಿವಿಗೆ ಬಿದ್ದ ಒಂದು ತುಳು ಪದವನ್ನು ತಿರುಗಿ ಹೇಳಿದರೆ, ‘ತುಳು ನಮ್ಮದು. ಹೊರಗಿನವರಿಗೆ ಕನ್ನಡ ಸಾಕು’ ಎನ್ನುತ್ತಿದ್ದರಂತೆ. ಕಾಲು ಒತ್ತುವಾಗ ಇವಳು ‘ನೋವು ಇದೆಯಾ?’ ಎಂದರೆ, ‘ಇದೆಯಾ ಅಂತೆ! ಬೆಂಗಳೂರಿನಿಂದ ಬಂದಿದ್ದಾಳೆ ಇವಳು. ಉಂಟಾ ಅಂತ ಕೇಳು!’ ಎಂಬ ಬೈಗುಳ. ಆದರೂ ಇಡೀ ಊರಿನಲ್ಲಿ ಇವಳ ಜೊತೆ ದಿನಾ ಮಾತಾಡುತ್ತಿದ್ದವರು ಅವರೊಬ್ಬರೇ. ಬೈಗುಳವೂ ಮಾತೇ ಅಲ್ಲವೇ?

ಒಂದು ಸಂಜೆ ಕೆಲಸ ಮುಗಿಸಿ ಇವಳು, ‘ಅಮ್ಮಾ, ಹೋಗ್ತೇನೆ’ ಎಂದಳಂತೆ. ಮುದುಕಿ ದಿಂಬಿನಿಂದ ತಲೆ ಎತ್ತಿ, ‘ಅಬ್ಬಾ ಅನಿಷ್ಟವೇ! ಹೋಗ್ತೇನೆ ಅನ್ಬಾರದು ಮಾರಾಯ್ತಿ. ಬರ್ತೇನೆ ಅನ್ನು. ಯಾವಾಗಲೂ ಬರ್ತೇನೆ ಅನ್ಬೇಕು’ ಎಂದರಂತೆ. ಬಾಗಿಲ ಬಳಿ ನಿಂತಿದ್ದ ಸೊಸೆ, ಅಂದರೆ ಧಣಿಯ ಹೆಂಡತಿ, ‘ಇಷ್ಟೂ ಗೊತ್ತಿಲ್ವಾ ಇವರಿಗೆ!’ ಎಂದು ನಕ್ಕರಂತೆ. ಅವಳು ಇದನ್ನು ನನಗೆ ವರದಿ ಒಪ್ಪಿಸಿದಾಗ ನಾನು, ‘ಸರಿಯಾಗಿಯೇ ಹೇಳಿದ್ದಾರೆ. ನನ್ನ ಅಜ್ಜಿ ಮೊಟಕಿ ಹೇಳಿದ್ದರು, ನಿನಗೆ ಮೊಟಕದೆ ಸಿಕ್ಕಿತು’ ಎಂದೆ. ಅಂದಿನಿಂದ ದಿನಾ ಸಂಜೆ ‘ಅಮ್ಮಾ, ಬರ್ತೇನೆ’ ಎಂದು ಇವಳು, ‘ಹಾಂ, ಹೋಗಿ ಬಾ’ ಎಂದು ಅವರು.

ಮಳೆಗೆ ಇನ್ನೂ ಸ್ವಲ್ಪ ಕಾಲವಿರುವಾಗ ಮುದುಕಿ ತೀರಿಹೋದರು.

ಮಾಷ್ಟ್ರ ಜೊತೆ ನಾನೂ ಹೋಗಿದ್ದೆ. ಹೆಣವನ್ನು ಚಾವಡಿಯಲ್ಲಿ ಮಲಗಿಸಿದ್ದರು, ತಲೆಯ ಹತ್ತಿರ ದೀಪ. ಬಂದವರು ಬಾಯಿಗೆ ತುಳಸಿ ನೀರು ಬಿಟ್ಟು, ಸ್ವಲ್ಪ ಹೊತ್ತು ನಿಂತು, ಯಾರಿಗೂ ಏನೂ ಹೇಳದೆ ಮೆಟ್ಟಿಲಿಳಿದು ಹೋಗುತ್ತಿದ್ದರು. ಸಾವಿನ ಮನೆಯಿಂದ ಹಾಗೆಯೇ ಹೋಗಬೇಕು. ಅಲ್ಲಿ ‘ಬರ್ತೇನೆ’ ಎಂದರೆ ಸಾವನ್ನೇ ಮತ್ತೆ ಬಾ ಎಂದ ಹಾಗೆ. ಇದನ್ನು ನಮಗೆ ಯಾರೂ ಬಾಯಿಬಿಟ್ಟು ಹೇಳಿಕೊಟ್ಟದ್ದಿಲ್ಲ. ಚಿಕ್ಕವರಿರುವಾಗ ಅಜ್ಜಿ ಮಣಿಕಟ್ಟು ಹಿಡಿದು ಹೊರಗೆ ಎಳೆದುಕೊಂಡು ಬರುತ್ತಿದ್ದರು. ಆ ಹಿಡಿತದಲ್ಲೇ ಪಾಠ ಮುಗಿಯುತ್ತಿತ್ತು. ಬಾಯಲ್ಲಿ ಹೇಳದ ಪಾಠ ಪುಸ್ತಕಕ್ಕೆ ಬರುವುದಾದರೂ ಹೇಗೆ?

ಅವಳು ಹೊಗೆಮನೆಯಿಂದ ನೇರ ಬಂದಳು, ಸೀರೆಯಲ್ಲಿ ಹೊಗೆಯ ವಾಸನೆ. ಅವಳ ಮಣಿಕಟ್ಟು ಹಿಡಿಯಲು ಅಲ್ಲಿ ಯಾವ ಅಜ್ಜಿಯೂ ಇರಲಿಲ್ಲ, ನಾನು ಜನರಾಚೆ ಗೋಡೆಯ ಬದಿಯಲ್ಲಿದ್ದೆ. ಅವಳು ಹೆಣದ ಕಾಲು ಮುಟ್ಟಿ, ದಿನಾ ಒತ್ತುತ್ತಿದ್ದ ಆ ಕಾಲನ್ನು ಒಮ್ಮೆ ಮೆಲ್ಲ ಒತ್ತಿ, ಎದ್ದು ಕೈಮುಗಿದು, ಕ್ಲಾಸಿನಲ್ಲಿ ಹೇಳುವಷ್ಟೇ ಸ್ಪಷ್ಟವಾಗಿ ಹೇಳಿದಳು:

‘ಅಮ್ಮಾ, ಬರ್ತೇನೆ.’

ಅಳುತ್ತಿದ್ದವರು ನಿಲ್ಲಿಸಿದರು. ಮೊದಲು ಬಾಯಿ ಬಂದದ್ದು ಸೊಸೆಗೆ.

‘ಕೇಳಿದ್ರಾ? ಬರ್ತಾಳಂತೆ! ಇನ್ನು ಯಾರನ್ನು ಕೊಂಡೊಯ್ಯಲಿಕ್ಕೆ?’

ಅಂಗಳದಲ್ಲಿ ಸೌದೆ ಒಟ್ಟುತ್ತಿದ್ದ ನೆಂಟನೊಬ್ಬ ಒಳಗೆ ಇಣುಕಿ, ‘ಬರುದಾದ್ರೆ ಬರ್ಲಿ ಬಿಡಿ ಅತ್ತಿಗೆ, ಕಟ್ಟಿಗೆ ಇನ್ನು ನಾಲ್ಕು ಹೆಚ್ಚಿಗೆ ಹಾಕುವ’ ಎಂದ. ಕೆಲವರು ನಕ್ಕರು. ಹೆಣದ ಮುಂದೆ ನಗಬಾರದೆಂದು ಮೂಗಿಗೆ ಸೆರಗು ಹಿಡಿದು ನಕ್ಕವರನ್ನೂ ನಾನು ನೋಡಿದೆ. ಅವಳಿಗೆ ಕೋಪದ ಮಾತು ಅರ್ಥವಾಯಿತು, ಕಾರಣ ಅರ್ಥವಾಗಲಿಲ್ಲ. ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, ‘ಬರ್ತೇನೆ’ ಎಂದಳು. ಅಷ್ಟರಲ್ಲಿ ನಾನು ಜನರನ್ನು ಸರಿಸಿ ಹೋಗಿ ಅವಳ ಮಣಿಕಟ್ಟು ಹಿಡಿದಿದ್ದೆ.

ಅಷ್ಟಕ್ಕೇ ಮುಗಿಯುತ್ತಿತ್ತೋ ಏನೋ. ಉತ್ತರಕ್ರಿಯೆಗೆ ಮೊದಲೇ ಧಣಿಯ ಭಾವ ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಎರಡೂ ಕಿಡ್ನಿ ಹೋಗಿ, ತಿಂಗಳುಗಟ್ಟಲೆ ಡಯಾಲಿಸಿಸ್‌ನಲ್ಲಿದ್ದ ಮನುಷ್ಯ. ಆದರೆ ಆ ಮನೆಯಲ್ಲಿ ಕಿಡ್ನಿಯ ಸುದ್ದಿಯನ್ನು ಯಾರೂ ಎತ್ತಲಿಲ್ಲ, ಎಲ್ಲರ ಬಾಯಲ್ಲೂ ಅವಳ ‘ಬರ್ತೇನೆ’ಯೇ.

ಕೋಣೆ ಖಾಲಿ ಮಾಡಬೇಕೆಂದು ಅವಳಿಗೆ ಹೇಳಿಕಳಿಸಿದರು. ನಾನೂ ಮಾಷ್ಟ್ರೂ ಧಣಿಯ ಮನೆಗೆ ಹೋದೆವು. ಚಾ ಕೊಟ್ಟರು, ಬೆಲ್ಲದ ತುಂಡೂ ಕೊಟ್ಟರು. ನಮ್ಮ ಕಡೆ ಉಪಚಾರಕ್ಕೆ ಎಂದೂ ಕಡಿಮೆಯಿಲ್ಲ.

ಮಾಷ್ಟ್ರು, ‘ಧಣಿ, ನಮ್ಮ ಪಾಠದಲ್ಲೇ ಅದೊಂದು ಬಿಟ್ಟುಹೋಗಿದೆ. ಅವಳದ್ದು ತಪ್ಪಲ್ಲ’ ಎಂದರು.

‘ಹಾಗಾದ್ರೆ ನಿಮ್ಮ ಶಾಲೆಯಲ್ಲೇ ಇಟ್ಟುಕೊಳ್ಳಿ ಮಾಷ್ಟ್ರೇ, ಪಾಠ ಪೂರ್ತಿ ಆಗುವವರೆಗೆ.’

‘ಅವಳಿಗೆ ಆ ಮಾತು ಕಲಿಸಿದ್ದು ನಿಮ್ಮ ತಾಯಿಯೇ. ಯಾವಾಗಲೂ ಹೇಳ್ಬೇಕು ಅಂದಿದ್ರು’ ಎಂದೆ ನಾನು.

ಧಣಿಯ ಹೆಂಡತಿ ಬಾಗಿಲಲ್ಲಿ ಕಾಣಿಸಿಕೊಂಡರು. ಅಂದು ಅಲ್ಲಿಯೇ ನಿಂತು ನಕ್ಕವರು. ‘ಸತ್ತವರ ತಲೆಗೆ ಕಟ್ಬೇಡಿ ಅಕ್ಕ. ಸಾವಿನ ಮನೆಯಲ್ಲಿ ನಾಯಿ ಕೂಡ ಬಾಯಿ ಮುಚ್ಚಿ ಮಲಗ್ತದೆ. ಅದಕ್ಕೆ ಯಾವ ಕ್ಲಾಸಿನಲ್ಲಿ ಕಲಿಸ್ತಾರೆ?’

‘ಮಗುವಿನ ಶಾಲೆಯಾದ್ರೂ ಮುಗೀಲಿ ಧಣಿ’ ಎಂದರು ಮಾಷ್ಟ್ರು.

‘ಮಗು ತುಳು ಚಂದ ಮಾತಾಡ್ತದೆ, ಅದರದ್ದು ನಮಗೆ ತೊಂದರೆ ಇಲ್ಲ’ ಎಂದರು ಧಣಿ. ‘ಆದ್ರೆ ಎಂತ ಮಾಡುದು? ತಾಯಿಯನ್ನು ಬಿಟ್ಟು ಇಡ್ಲಿಕ್ಕೆ ಆಗ್ತದಾ?’ ಎಂದು ಹೇಳಿ, ತಮ್ಮ ತಮಾಷೆಗೆ ತಾವೇ ಮೊದಲು ನಕ್ಕರು. ‘ಚಾ ತಣಿಯುತ್ತದೆ, ಕುಡಿಯಿರಿ.’

ಮೂಡುಬಿದಿರೆಯಲ್ಲಿ ಗೇರುಬೀಜದ ಕಾರ್ಖಾನೆಯೊಂದರಲ್ಲಿ ಕೆಲಸ ಉಂಟೆಂದು ಅವಳ ಗಂಡ ಯಾರಿಂದಲೋ ತಿಳಿದುಕೊಂಡ. ಬೆಳ್ತಂಗಡಿಯ ಬಸ್‌ಸ್ಟ್ಯಾಂಡಿಗೆ ನಾನೊಬ್ಬಳೇ ಹೋದೆ. ಪಾತ್ರೆಗಳನ್ನು ರಬ್ಬರ್ ಶೀಟಿನಲ್ಲಿ ಸುತ್ತಿ ಕಟ್ಟಿದ್ದರು. ಕಂಡಕ್ಟರ್ ಮೂಗು ಮುಚ್ಚಿಕೊಂಡು, ‘ಇದೆಂತ ಹೆಣದ ವಾಸನೆ! ಮೇಲೆ ಹಾಕಿ, ಮೇಲೆ’ ಎಂದು ಗದರಿದ. ಅವಳು ಏಣಿಯ ಕೆಳಗೆ ನಿಂತು ಗಂಟುಗಳನ್ನು ಎತ್ತಿಕೊಟ್ಟಳು.

ಬಸ್ಸು ಹತ್ತುವಾಗ ತಿರುಗಿ ಹೇಳಿದಳು: ‘ಅಕ್ಕ, ಹೋಗ್ತೇನೆ.’

ನನ್ನ ಬಾಯಿ ಹಳೆಯ ರೂಢಿಯಲ್ಲೇ ತೆರೆಯಿತು. ‘ಹೋಗ್ತೇನೆ ಅನ್ಬಾರದು. ಬರ್ತೇನೆ ಅನ್ನು.’

‘ಯಾರ ಮನೆಗೆ, ಅಕ್ಕ?’ ಎಂದಳು. ಕುಟುಕುವುದಕ್ಕೆ ಕೇಳಿದ್ದಲ್ಲ. ಕ್ಲಾಸಿನಲ್ಲಿ ಅರ್ಥ ಕೇಳುತ್ತಿದ್ದ ಹಾಗೆಯೇ ಕೇಳಿದಳು, ನನ್ನ ಉತ್ತರಕ್ಕೆ ಕಾದಳು. ಕಂಡಕ್ಟರ್ ವಿಸಿಲ್ ಊದಿದ.

ಮಳೆ ಹಿಡಿದು ಕೆಲವು ವಾರಗಳಾಗಿದ್ದವು. ಒಂದು ಭಾನುವಾರ ಪಾಠ ನಡೆಯುತ್ತಿರುವಾಗ ಧಣಿ ಕೊಡೆ ಮಡಚಿ ಒಳಗೆ ಬಂದರು. ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತವರನ್ನೆಲ್ಲ ಒಮ್ಮೆ ನೋಡಿದರು, ಸಂತೆಯಲ್ಲಿ ತೊಂಡೆಕಾಯಿ ನೋಡುವ ಹಾಗೆ.

‘ಮಾಷ್ಟ್ರೇ, ಒಂದು ಉಪಕಾರ ಆಗ್ಬೇಕಿತ್ತು. ನನ್ನ ಅತ್ತೆಯನ್ನು ಈಗ ನಮ್ಮಲ್ಲಿಗೇ ತಂದಿದ್ದೇವೆ, ಅವರೂ ಮಲಗಿದಲ್ಲೇ. ನೋಡಿಕೊಳ್ಳಲಿಕ್ಕೆ ಒಂದು ಹೆಂಗಸು ಬೇಕು. ಆ ಕೋಣೆ ಖಾಲಿಯೇ ಉಂಟು.’

‘ಇಲ್ಲಿ ಕೇಳಿ ನೋಡುವ. ಎರಡು ಮೂರು ಜನ ಈಗ ಚೆನ್ನಾಗಿ ಮಾತಾಡ್ತಾರೆ.’

‘ಅದು ಬೇಡ’ ಎಂದರು ಧಣಿ. ‘ಕನ್ನಡ ಬಾರದವರಾದ್ರೆ ಒಳ್ಳೆದು. ನೀವು ಕಲಿಸುವ ಮೊದಲೇ ಒಬ್ಬರನ್ನು ನಮಗೆ ಕೊಡಿ.’

ಮಾಷ್ಟ್ರ ಕೈಯ ಸೀಮೆಸುಣ್ಣ ಬೋರ್ಡಿನ ಮೇಲೆ ನಿಂತಿತು. ಧಣಿಗೆ ಉತ್ತರದ ಅವಸರವಿರಲಿಲ್ಲ. ಬಾಗಿಲಲ್ಲಿ ಕೊಡೆ ಬಿಡಿಸಿ, ತಲೆ ಮಾತ್ರ ನಮ್ಮ ಕಡೆ ತಿರುಗಿಸಿ ಹೇಳಿದರು:

‘ಆಯ್ತು ಹಾಗಾದ್ರೆ. ಬರ್ತೇನೆ.’

ಇಡೀ ಕ್ಲಾಸು ಎದ್ದು ನಿಂತು, ಒಂದೇ ಸ್ವರದಲ್ಲಿ, ಒಂದಕ್ಷರವೂ ತಪ್ಪದೆ ಕೂಗಿತು: ‘ಆಯ್ತು, ಹೋಗಿ ಬನ್ನಿ!’