ಅಡುಗೆಮನೆಯಿಂದ ಬಂದ ವಿಮರ್ಶೆ

ಪಕ್ಕದ ಮನೆಯಲ್ಲಿ ಯಾರೋ ಇಂಗಿನ ಒಗ್ಗರಣೆ ಹಾಕಿದ್ದಾರೆ. ನಮ್ಮ ಲಕ್ಷ್ಮೀಪುರಂ ಬೀದಿಯಲ್ಲಿ ಮನೆಗಳು ಎಷ್ಟು ಒತ್ತಾಗಿವೆ ಎಂದರೆ ಅವರ ಸಾರು ಕುದಿದರೆ ನಮಗೆ ಹಸಿವಾಗುತ್ತದೆ. ನಿಮಗಾದರೆ ಈ ವಾಸನೆಗೆ ಊಟ ನೆನಪಾದೀತು, ನನಗೆ ಮಾತ್ರ ಜಗಳ ನೆನಪಾಗುತ್ತದೆ. ಮನೆಜಗಳವಲ್ಲ ಸ್ವಾಮಿ, ಇಂಟರ್ನೆಟ್ಟಿನ ಜಗಳ. ಅಲ್ಲಿ ‘ಒಗ್ಗರಣೆ’ ಎಂಬ ಹೆಸರಿಟ್ಟುಕೊಂಡು ಧಾರಾವಾಹಿಗಳ ಮೈಚಳಿ ಬಿಡಿಸುತ್ತಿದ್ದವರು ನಮ್ಮ ಚಿಕ್ಕಮ್ಮ. ಮಾತು ಅವರದು, ಬೆರಳು ನನ್ನದು.

‘ಪರದೆ ಪಂಚಾಯ್ತಿ’ ಅಂತ ಒಂದು ತಾಣವಿದೆ. ಸಿನಿಮಾ, ಧಾರಾವಾಹಿ ಕುರಿತು ಚರ್ಚೆ ಮಾಡುವುದಕ್ಕೆ ಎಂದು ಶುರುವಾಗಿದ್ದು. ಆದರೆ ಯಾವ ಚರ್ಚೆಯೇ ಆಗಲಿ, ನಾಲ್ಕು ಜನ ಬರೆಯುವಷ್ಟರಲ್ಲಿ ಸಿನಿಮಾ ಪಕ್ಕಕ್ಕೆ ಹೋಗಿ, ವಿಮರ್ಶೆ ಮಾಡುವ ಯೋಗ್ಯತೆ ಯಾರಿಗಿದೆ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ನಾನೂ ದೊಡ್ಡ ವಿಮರ್ಶಕನಾಗುತ್ತೇನೆಂದು ಹೊರಟವನೇ. ಒಂದು ಭಾನುವಾರ ಪೂರ್ತಿ ಕೂತು, ‘ದೃಶ್ಯಭಾಷೆ’, ‘ಅಂತರ್ಧ್ವನಿ’ ಅಂತೆಲ್ಲ ಹಾಕಿ ಉದ್ದದ ವಿಮರ್ಶೆ ಬರೆದೆ. ಅದಕ್ಕೆ ಬಂದದ್ದು ಒಂದೇ ಪ್ರತಿಕ್ರಿಯೆ: ‘ಆ ಥಿಯೇಟರಲ್ಲಿ ಕಾರ್ ಪಾರ್ಕಿಂಗ್ ಇದೆಯಾ ಸರ್?’

ಅದನ್ನು ಓದಿ ಗೊಣಗುತ್ತಿದ್ದಾಗ ಚಿಕ್ಕಮ್ಮ ಅಡುಗೆಮನೆಯಿಂದಲೇ, ‘ಅದೇನೋ ಒಬ್ಬನೇ ಮಾತಾಡ್ಕೊಳ್ತಿದೀಯ?’ ಅಂದರು. ಹೇಳಿದೆ. ‘ನೀನು ಬರ್ದಿದ್ದು ನಿಂಗೇ ಅರ್ಥ ಆಗಿಲ್ಲ, ಪಾಪ ಅವರಿಗೇನಾದೀತು? ನಾನು ಹೇಳ್ತೀನಿ, ಬರ್ಕೋ’ ಅಂತ ಸೌಟು ಹಿಡಿದುಕೊಂಡೇ ಆ ಹೊತ್ತಿನ ಧಾರಾವಾಹಿಯ ಬಗ್ಗೆ ಶುರುಮಾಡಿದರು. ‘ಅತ್ತೆಗೆ ಕೋಪ ಬಂದಿದೆ ಅನ್ನೋದು ಅವಳು ಕಾಫಿ ಲೋಟ ಕುಕ್ಕೋ ಸದ್ದಲ್ಲೇ ಗೊತ್ತಾಗ್ಬೇಕು. ಅದು ಬಿಟ್ಟು, ನಂಗೆ ಕೋಪ ಬಂದಿದೆ ಅಂತ ಬಾಯ್ಬಿಟ್ಟು ಹೇಳ್ಕೊಂಡ್ರೆ ಅದೇನು ನಟನೆನಾ, ಪೊಲೀಸ್ ಕಂಪ್ಲೇಂಟಾ?’ ‘ಒಗ್ಗರಣೆ’ ಅನ್ನುವ ಹೆಸರಲ್ಲಿ ಹಾಗೇ ಹಾಕಿದೆ. ಪಂಚಾಯ್ತಿ ಎದ್ದು ಕೂತಿತು. ಆಮೇಲೆ ನನ್ನನ್ನು ಅಲ್ಲಿ ಯಾರೂ ಹುಡುಕಲಿಲ್ಲ, ‘ಒಗ್ಗರಣೆಯವರು ಏನಂತಾರೆ?’ ಅನ್ನುವುದೇ ಆಯಿತು.

ತಾಣವನ್ನು ನಡೆಸುವವರು ಗೋಕುಲಂ ಬಡಾವಣೆಯ ನಿವೃತ್ತ ಮೇಷ್ಟ್ರು. ಅಲ್ಲಿ ಅವರ ಹೆಸರು ‘ಕಟುಸತ್ಯ’. ಅವರದು ಒಂದೇ ಕಾನೂನು: ನೋಡದೆ ಬರೆಯಬಾರದು. ಟೀಸರ್ ನೋಡಿ ಸಿನಿಮಾ ಬೈದ ಎಷ್ಟೋ ಜನರನ್ನು ಅವರು ಮುಲಾಜಿಲ್ಲದೆ ಹೊರಗೆ ಹಾಕಿದ್ದರು.

ಇಲ್ಲೊಂದು ವಿಷಯ ನಿಮಗೆ ಹೇಳಲೇಬೇಕು. ನಮ್ಮ ಚಿಕ್ಕಮ್ಮ ಟಿವಿ ನೋಡುತ್ತಲೇ ಇರಲಿಲ್ಲ. ಅವರು ಮದುವೆಯಾಗಿ ಬಂದ ಕಾಲಕ್ಕೆ ಟಿವಿ ಇದ್ದ ಹಾಲಿನ ಕುರ್ಚಿಗಳೆಲ್ಲ ಗಂಡಸರವು. ತಾತ, ದೊಡ್ಡಪ್ಪ, ಚಿಕ್ಕಪ್ಪ, ಬಂದ ನೆಂಟರು. ಸೊಸೆಯರಿಗೆ ಅಡುಗೆಮನೆ. ಅಲ್ಲಿಂದ ಟಿವಿ ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಹಿರಿಯರೆಲ್ಲ ಹೋದರು, ಕುರ್ಚಿಗಳು ಖಾಲಿಯಾದವು, ಆದರೂ ಚಿಕ್ಕಮ್ಮ ಹಾಲಿಗೆ ಬಂದು ಕೂರಲಿಲ್ಲ. ‘ಬನ್ನಿ’ ಅಂದರೆ, ‘ಇಲ್ಲಿಂದ್ಲೇ ಎಲ್ಲ ಗೊತ್ತಾಗುತ್ತೆ ಬುಡು’ ಅನ್ನುತ್ತಿದ್ದರು. ಗೊತ್ತಾಗುತ್ತಲೂ ಇತ್ತು. ಯಾರ ಹೆಜ್ಜೆ, ಯಾರ ಬಳೆ, ಯಾರ ಅಳು ನಿಜ, ಯಾರದು ನಾಟಕ, ಎಲ್ಲ.

ಹಾಗಿರುವಾಗ ಒಂದು ಸಂಜೆ, ಎಲ್ಲರೂ ನೋಡುತ್ತಿದ್ದ ಧಾರಾವಾಹಿಯೊಂದರಲ್ಲಿ ಬಾಗಿಲು ಧಡಕ್ಕನೆ ಮುಚ್ಚಿತು. ಚಿಲಕ ಬಿತ್ತು. ಕುರ್ಚಿ ಎಳೆದ ಸದ್ದು. ಆಮೇಲೆ ಮಾತೇ ಇಲ್ಲ, ಸೊಸೆಯ ಬಿಕ್ಕಳಿಕೆ ಮಾತ್ರ. ನಾನು ಆಗ ಗೇಟಿನ ಹತ್ತಿರ ತರಕಾರಿಯವನ ಜೊತೆ ಚೌಕಾಸಿಯಲ್ಲಿದ್ದೆ. ಒಳಗೆ ಬಂದರೆ ಚಿಕ್ಕಮ್ಮ ಕೆಂಡವಾಗಿದ್ದರು. ‘ಅತ್ತೆ ಸೊಸೆನ ಹೊರಗೆ ದಬ್ಬುಟ್ಟು ಬಾಗಿಲು ಹಾಕ್ಕೊಂಡ್ಳು ಕಣೋ! ಇನ್ನೂ ಎಷ್ಟು ವರ್ಷ ಇದನ್ನೇ ತೋರಿಸ್ತಾರಂತೆ? ಬರಿ!’ ಬರೆದೆ. ಬೆಂಕಿಯಂಥ ಬರಹ ಅದು.

ಪಂಚಾಯ್ತಿಗೆ ಹಬ್ಬವಾಗಿಹೋಯಿತು. ಯಾಕೆಂದರೆ ಆ ದೃಶ್ಯದಲ್ಲಿ ಸೊಸೆಯನ್ನು ಯಾರೂ ಹೊರಗೆ ಹಾಕಿರಲೇ ಇಲ್ಲ. ‘ಒಗ್ಗರಣೆ ಸೀದುಹೋಗಿದೆ’ ಅಂತ ಒಬ್ಬ, ‘ಅಮ್ಮಾವ್ರು ಯಾವ ಊರಿನ ಟಿವಿ ನೋಡಿದ್ರು?’ ಅಂತ ಇನ್ನೊಬ್ಬ. ಕೊನೆಗೆ ಕಟುಸತ್ಯ ಬಂದು, ‘ನೋಡದೆ ಬರೆದಿದ್ದೀರಾ? ಉತ್ತರ ಕೊಡಿ. ಹೌದಾದರೆ ನಿಯಮ ನಿಮಗೂ ಒಂದೇ’ ಎಂದರು.

ಜೀವನವಿಡೀ ‘ಸಾರಿಗೆ ಉಪ್ಪು ಕಮ್ಮಿ’ ಅನ್ನುವುದನ್ನಷ್ಟೇ ಕೇಳಿ ಬದುಕಿದ ಹೆಂಗಸನ್ನು, ‘ನೀವೇನಂತೀರಿ?’ ಎಂದು ಕೇಳುತ್ತಿದ್ದ ಜಾಗ ಭೂಮಿಯ ಮೇಲೆ ಅದೊಂದೇ. ಅದೂ ಹೋದರೆ? ‘ಕರೆಂಟ್ ಹೋಗಿತ್ತು ಅಂತ ಬರೀಲಾ ಚಿಕ್ಕಮ್ಮ?’ ಅಂದೆ.

‘ಥೂ, ಸುಮ್ನಿರೋ. ನಾನು ನೋಡಲ್ಲ, ಒಲೆ ಮುಂದೆ ನಿಂತು ಕೇಳ್ತೀನಿ ಅಂತ ಬರಿ. ಯಾಕೆ ಅಂತಾನೂ ಬರಿ.’ ಅವರ ದನಿ ಸಣ್ಣಗಾಗಿತ್ತು. ಬರೆದೆ.

ಮಾರನೆಯ ದಿನ ಮಧ್ಯಾಹ್ನ ಕಟುಸತ್ಯ ಬರೆದರು: ‘ಬೆಳಿಗ್ಗೆಯಿಂದ ಕಣ್ಣು ಮುಚ್ಚಿಕೊಂಡು ಇದೇ ಧಾರಾವಾಹಿಯ ಹಳೆಯ ಕಂತುಗಳನ್ನು ಕೇಳಿದೆ. ಎಲ್ಲೂ ಕಣ್ಣು ತೆರೆಯುವ ಅಗತ್ಯವೇ ಬೀಳಲಿಲ್ಲ. ನಾವು ಕಣ್ಣಿದ್ದವರು ಅದನ್ನು ಸಿನಿಮಾದಂತಿದೆ ಎಂದು ಹೊಗಳುತ್ತಿದ್ದೆವು, ನಾಚಿಕೆಯಾಗಬೇಕು. ಇಷ್ಟು ದಿನ ತಪ್ಪದ ಒಗ್ಗರಣೆಯವರು ನಿನ್ನೆ ತಪ್ಪಿದರು ಎಂದರೆ, ಆ ನಿರ್ದೇಶಕ ಮೊದಲ ಸಲ ಕಣ್ಣಿಂದ ನೋಡಲೇಬೇಕಾದ್ದನ್ನು ಮಾಡಿದ್ದಾನೆ. ಅವರ ತಪ್ಪೇ ಆ ದೃಶ್ಯಕ್ಕೆ ಒಳ್ಳೆಯ ವಿಮರ್ಶೆ. ಅಮ್ಮ, ನಿಮ್ಮ ಸದಸ್ಯತ್ವ ಎಲ್ಲೂ ಹೋಗುವುದಿಲ್ಲ. ಒಂದೇ ಒಂದು ಸಲ ಹಾಲಿಗೆ ಬಂದು ಆ ದೃಶ್ಯ ನೋಡಿ.’

ಓದಿ ಹೇಳಿದೆ. ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ಬಂದು ಬಾಗಿಲಲ್ಲೇ ನಿಂತರು. ‘ಕೂತ್ಕೊಳಿ’ ಅಂದೆ. ‘ಪರವಾಗಿಲ್ಲ, ಕಾಣ್ಸುತ್ತೆ’ ಅಂದರು. ಕಂತು ಹಾಕಿದೆ. ಅತ್ತೆ ಬಾಗಿಲು ಮುಚ್ಚಿ ಚಿಲಕ ಹಾಕಿದಳು. ತಾನು ಕೂರುತ್ತಿದ್ದ ಕುರ್ಚಿಯನ್ನೇ ಎಳೆದು, ಸೊಸೆಯನ್ನು ಭುಜ ಹಿಡಿದು ಕೂರಿಸಿ, ಹಿಂದೆ ನಿಂತು ತಲೆ ಬಾಚತೊಡಗಿದಳು. ಒಂದು ಮಾತಿಲ್ಲ. ಸೊಸೆ ಬಿಕ್ಕಿದಳು.

‘ಕೂರಿಸ್ಬುಟ್ಳಲ್ಲೋ...’ ಎಂದರು ಚಿಕ್ಕಮ್ಮ. ಕಣ್ಣಲ್ಲಿ ನೀರು, ಮುಖದ ತುಂಬ ನಗು. ನನಗೂ ತಡೆಯಲಾಗಲಿಲ್ಲ. ಎದ್ದು ನನ್ನ ಕುರ್ಚಿ ಎಳೆದು ಕೊಟ್ಟೆ. ಕೂತರು.

ಅವತ್ತು ಕೂತವರು ಇನ್ನೂ ಎದ್ದಿಲ್ಲ ಎನ್ನಬೇಕು! ಕಟುಸತ್ಯ ಈಗ ಭಾನುವಾರ ಗೋಕುಲಂನಿಂದ ಫೋನ್ ಮಾಡಿ ಅವರೊಡನೆ ಗಂಟೆಗಟ್ಟಲೆ ಕಿತ್ತಾಡುತ್ತಾರೆ, ನಾನು ಇಬ್ಬರಿಗೂ ಬೇಡವಾದ ಮೂರನೆಯವನು. ಇವತ್ತೂ ಹಾಲಿನಲ್ಲಿ ಹೊಸ ಸಿನಿಮಾ ಓಡುತ್ತಿದೆ. ಪಂಚಾಯ್ತಿಯಲ್ಲಿ ಆಗಲೇ ತೀರ್ಪುಗಳು ಬಂದುಬಿಟ್ಟಿವೆ, ಅರ್ಧ ಜನ ಇಂಟರ್‌ವಲ್‌ಗೂ ಕಾದಿಲ್ಲ. ನನಗೂ ಅದೇ ಅವಸರ. ಮೊಬೈಲ್ ಕೈಯಲ್ಲಿ ಹಿಡಿದು, ‘ಎಲ್ಲರೂ ಕಾಯ್ತಿದಾರೆ ಚಿಕ್ಕಮ್ಮ, ಏನಂತ ಬರೀಲಿ?’ ಅಂದೆ.

ಚಿಕ್ಕಮ್ಮ ನನ್ನ ಕಡೆ ತಿರುಗಲೂ ಇಲ್ಲ.

‘ಕಾಯ್ಲಿ ಬುಡೋ. ನಾನಿನ್ನೂ ನೋಡ್ತಿದೀನಿ.’