ಹುರುಳಿ ಹಾಸಿದ ರಸ್ತೆ

ಅಕ್ಕನ ಕಾಲು ಹೊಸಿಲಲ್ಲಿ ನಿಂತುಬಿಡುತ್ತಿತ್ತು. ಅಡುಗೆಮನೆಯಿಂದ ನಡುಮನೆಗೆ ಬರುವಾಗ ಎರಡೂ ಪಾದ ನೆಲಕ್ಕೆ ಅಂಟಿಕೊಂಡ ಹಾಗಾಗಿ, ಬಾಗಿಲು ಹಿಡಿದು ನಡುಗುತ್ತಾ ನಿಲ್ಲುತ್ತಿದ್ದಳು. ಕೋಲಾರದ ಡಾಕ್ಟರು ಪಾರ್ಕಿನ್ಸನ್ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು. ವಾಸಿಯಾಗುವ ಕಾಯಿಲೆಯಲ್ಲ ಎಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು.

ನಾನಿರುವುದು ಮಾಲೂರಿನಲ್ಲಿ. ಅಕ್ಕನನ್ನು ಕೊಟ್ಟಿರುವುದು ಶ್ರೀನಿವಾಸಪುರದಾಚೆ, ರಾಯಲ್ಪಾಡಿನ ಕಡೆಯ ಹಳ್ಳಿಗೆ. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ, ಕೋಲಾರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಹೋಗುತ್ತಿದ್ದೆ. ಅಂಥ ಒಂದು ಭಾನುವಾರ, ಅಕ್ಕನ ಮಗಳು ಹೈಸ್ಕೂಲಿಗೆ ತುಳಿದು ಬಿಟ್ಟಿದ್ದ ಹಳೆಯ ಸೈಕಲ್ ಅಂಗಳದಲ್ಲಿತ್ತು. ಭಾವ ಅದರಲ್ಲಿ ಹಿಪ್ಪುನೇರಳೆ ಸೊಪ್ಪು ತರುತ್ತಿದ್ದರು. ಅಕ್ಕ ಅದರ ಹ್ಯಾಂಡಲ್ ಹಿಡಿದುಕೊಂಡು, "ಲೇ, ಒಂದ್ಸಲ ಹಿಡ್ಕೊಳೇ, ಕೂತ್ಕೋತೀನಿ" ಅಂದಳು.

ಆಸೆ ತೀರಲಿ ಎಂದು ಹಿಡಿದುಕೊಂಡೆ. ನಾಲ್ಕು ಹೆಜ್ಜೆ ನಡೆಯಲಾರದ ಹೆಂಗಸು ತುಳಿದುಕೊಂಡು ಹೋಗಿಯೇಬಿಟ್ಟಳು! ನಾನು ಸೆರಗು ಸಿಕ್ಕಿಸಿಕೊಂಡು ಬೈಯುತ್ತಾ ಹಿಂದೆ ಓಡಿದೆ. ಆಮೇಲೆ ಡಾಕ್ಟರನ್ನು ಕೇಳಿದರೆ, ಕೆಲವರಿಗೆ ಹಾಗಾಗುತ್ತದೆ, ನಡಿಗೆ ತಪ್ಪಿದರೂ ಸೈಕಲ್ ತಪ್ಪುವುದಿಲ್ಲ ಅಂದರು.

ಅಲ್ಲಿಂದ ನಮ್ಮ ಭಾನುವಾರಗಳೇ ಬದಲಾದವು. ಪಕ್ಕದ ಮನೆಯ ಸೈಕಲ್ ನನಗೆ, ಮಗಳದು ಅಕ್ಕನಿಗೆ. ಹತ್ತುವಾಗ ಇಳಿಯುವಾಗ ನಾನು ಹಿಡಿದುಕೊಂಡರೆ ಸಾಕು, ಮಾವಿನ ತೋಪುಗಳ ನಡುವಿನ ರಸ್ತೆಯಲ್ಲಿ ಅವಳೇ ಮುಂದೆ. ಊರಿನವರ ಬಾಯಿ ಸುಮ್ಮನಿರುತ್ತದೆಯೇ? "ಕೆಲಸಕ್ಕೆ ಕರೀಬೇಡ, ಸೈಕಲ್‌ಗೆ ಮರೀಬೇಡ" ಎಂದು ಗಾದೆಯನ್ನೇ ತಿರುಚಿ ಆಡಿಕೊಂಡರು. ಕಾಯಿಲೆಯೆಲ್ಲ ನಾಟಕ ಎಂದರು. ನನಗೆ ಮೈ ಉರಿದುಹೋಯಿತು. ಅಕ್ಕ ಮಾತ್ರ, "ನಾಟಕಾನೇ ಆಗಿದ್ರೆ ಎಷ್ಟು ಚೆನ್ನಾಗಿತ್ತು ಕಣೇ" ಅಂದಳು.

ನಮ್ಮ ಸೀಮೆಯಲ್ಲಿ ಸುಗ್ಗಿ ಬಂದರೆ ಡಾಂಬರು ರಸ್ತೆಯೇ ಕಣ. ರಾಗಿ, ಹುರುಳಿ, ಅವರೆ ಎಲ್ಲವನ್ನೂ ಕಿತ್ತು ತಂದು ರಸ್ತೆಗೆ ಹಾಸುತ್ತಾರೆ. ಬಸ್ಸು, ಟೆಂಪೊ, ಬೈಕು ಮೇಲೆ ಹೋದಷ್ಟೂ ಕಾಳು ಉದುರುತ್ತದೆ. ಹೊರಗಿನವರು ಹಾರನ್ ಹೊಡೆದು ಬೈಯುತ್ತಾರೆ. ನಾವು ಅಂಚಿನಲ್ಲಿ ಜಾಗವಿದ್ದರೂ ಮೇಲೆಯೇ ಹೋಗುತ್ತೇವೆ. ಒಬ್ಬರ ಬೆಳೆಯನ್ನು ಬಿಟ್ಟು ಪಕ್ಕದಲ್ಲಿ ಹೋಗುವುದು ಕರೆದ ಮನೆಯಲ್ಲಿ ನೀರೂ ಕುಡಿಯದೆ ಬಂದ ಹಾಗೆ.

ಸುಗ್ಗಿಯ ಒಂದು ಭಾನುವಾರ ರಸ್ತೆಗೆ ಹುರುಳಿ ಹಾಸಿದ್ದರು. ರಾಗಿಯಾದರೆ ಚಕ್ರದಡಿ ಮಲಗುತ್ತದೆ, ಹುರುಳಿಯದು ಬಳ್ಳಿ. ನಾನು ಹಿಂದಿನಿಂದ, "ಅಂಚಲ್ಲಿ ಹೋಗೇ ಅಕ್ಕಾ!" ಎಂದು ಕೂಗಿದೆ. ಹುರುಳಿ ಕಾಯುತ್ತಾ ಮರದಡಿ ಕೂತಿದ್ದ ಹೆಂಗಸು ನಗುತ್ತಾ ತೆಲುಗಿನಲ್ಲಿ, "ಮೀದೇ ಪೋಮ್ಮಾ, ಏಂ ಕಾದು" ಎಂದಳು. ಮೇಲೆಯೇ ಹೋಗಮ್ಮ, ಏನೂ ಆಗಲ್ಲ ಅಂತ. ಹಾಗೆ ಕರೆದವರ ಮಾತನ್ನು ಅಕ್ಕ ಮೀರುವವಳಲ್ಲ. ಬಳ್ಳಿ ಚೈನಿಗೆ ಸುತ್ತಿಕೊಂಡಿತು. ಬೇರೆ ಯಾರಾದರೂ ಆಗಿದ್ದರೆ ಕಾಲೂರಿ ನಿಲ್ಲುತ್ತಿದ್ದರು. ಅವಳ ಕಾಲು ಹೇಳಿದ ಮಾತು ಕೇಳಬೇಕಲ್ಲ. ಸೈಕಲ್ ಸಮೇತ ಬಿದ್ದಳು. ಹುರುಳಿಯವಳು ಎದೆ ಬಡಿದುಕೊಂಡು ಓಡಿ ಬಂದು, ಅಕ್ಕನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಮುಂಗೈ ಮುರಿದಿತ್ತು.

ಮೂಳೆ ಕೂಡಿಕೊಂಡಿತು. ಆದರೆ ಪಟ್ಟಿ ಹಾಕಿ ಕೂತಿದ್ದ ದಿನಗಳಲ್ಲಿ ಕಾಯಿಲೆ ಸುಮ್ಮನೆ ಕೂತಿರಲಿಲ್ಲ. ಪಟ್ಟಿ ಬಿಚ್ಚಿದ ಮೇಲೆ ಒಂದು ಭಾನುವಾರ ನಾನು ಸೈಕಲ್ ಹಿಡಿದುಕೊಂಡೆ, ಭಾವ ಅವಳನ್ನು ಎತ್ತಿ ಕೂರಿಸಿದರು. ಪಾದವನ್ನು ಪೆಡಲಿನ ಮೇಲಿಟ್ಟಳು. ಅದು ಅಲ್ಲೇ ನಿಂತಿತು. ನಾನು ಮೆಲ್ಲಗೆ ತಳ್ಳಿದೆ. ಪೆಡಲ್ ಮೇಲಿಂದ ಪಾದ ಜಾರಿ ಕೆಳಗೆ ನೇತಾಡಿತು.

"ಇಳಿಸ್ರೀ" ಎಂದು ಭಾವನಿಗೆ ಹೇಳಿದಳು, ಅಷ್ಟೇ. ಭಾವ ಸೈಕಲನ್ನು ರೇಷ್ಮೆಹುಳು ಸಾಕುವ ಮನೆಗೆ ತಳ್ಳಿಕೊಂಡು ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಆಮೇಲೆ ಅಕ್ಕನೇ ನನ್ನನ್ನು ಕಳಿಸುತ್ತಿದ್ದಳು. "ನೀನಾದ್ರೂ ಒಂದು ಸುತ್ತು ಹೋಗ್ಬಾ" ಅನ್ನುತ್ತಿದ್ದಳು. ಮನಸ್ಸಿಲ್ಲದ ಮನಸ್ಸಿನಿಂದ ಹೋಗುತ್ತಿದ್ದೆ. ಬಂದು ಅವಳ ಮಂಚದ ಪಕ್ಕ ಕೂತು ಎಲ್ಲ ಹೇಳುತ್ತಿದ್ದೆ: ಮಾವು ಹೂ ಬಿಟ್ಟಿದೆ, ಟೊಮೇಟೊ ಗಿಡಕ್ಕೆ ಕೋಲು ನೆಟ್ಟಿದ್ದಾರೆ, ಸೇತುವೆ ಹತ್ತಿರ ರಸ್ತೆ ಕಿತ್ತುಹೋಗಿದೆ. ಅವಳು ಕೇಳಿಸಿಕೊಳ್ಳುತ್ತಿದ್ದಳು. ಹೋಗಲಾಗದವಳಿಗೆ ರಸ್ತೆಯನ್ನೇ ತಂದುಕೊಡುತ್ತಿದ್ದೇನೆ ಎಂದು ನನಗೆ ಒಳಗೊಳಗೇ ಸಮಾಧಾನ.

ಹೋದ ಭಾನುವಾರ ಹಾಗೇ ಹೇಳುತ್ತಿದ್ದೆ. ಅಕ್ಕ ನಡುಗುವ ಕೈಯಿಂದ ನನ್ನ ಮೊಣಕೈ ಹಿಡಿದಳು. ಈಗೀಗ ಅವಳ ಧ್ವನಿಯೂ ಸಣ್ಣಗಾಗಿದೆ, ಬಗ್ಗಿ ಕೇಳಬೇಕು.

"ನೀನು ಹೋಗು. ಬೇಡ ಅನ್ನಲ್ಲ. ಬಂದು ಹೇಳ್ಬೇಡ ಕಣೇ."